ಬಡಿಸುವವರು ನಮ್ಮವರಾದರೆ

ಕೇಳುಗರಿಗೆ ನಮಸ್ಕಾರ.

'ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ' ಅಂತ ನಮ್ಮಲ್ಲಿ ಒಂದು ಮಾತಿದೆ. ಮದುವೆ ಮನೆಯಲ್ಲಾದರೆ ಕೇಳಿ ನಕ್ಕು ಸುಮ್ಮನಾಗಬಹುದು. ಆದರೆ ನಗರ ಪಾಲಿಕೆಯಲ್ಲೂ ಇದೇ ಮಾತು ನಡೆದರೆ? ಅಲ್ಲಿ ಬಡಿಸುತ್ತಿರುವುದು ನಾವು ಕಟ್ಟಿದ ಆಸ್ತಿ ತೆರಿಗೆ, ನಾವು ಕಟ್ಟಿದ ನೀರಿನ ಕರ.

ಬೆಳಗಾವಿಯಿಂದ ಶುರು ಮಾಡುತ್ತೇನೆ. ಅಲ್ಲಿ 'ತಿನಿಸು ಕಟ್ಟೆ' ಅಂತ ಒಂದು ಜಾಗ ಇದೆ. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ತಿಂಡಿ ಮಳಿಗೆಗಳ ಸಾಲು. ಅದರಲ್ಲಿ ಪಾಲಿಕೆಯ ಇಬ್ಬರು ಸದಸ್ಯರ ಪತ್ನಿಯರ ಹೆಸರಿನಲ್ಲೂ ಮಳಿಗೆಗಳಿವೆ ಅಂತ ದೂರು ಹೋಯಿತು. 2025ರ ಫೆಬ್ರುವರಿಯಲ್ಲಿ ಪ್ರಾದೇಶಿಕ ಆಯುಕ್ತರು ಇಬ್ಬರ ಸದಸ್ಯತ್ವವನ್ನೂ ರದ್ದು ಮಾಡಿದರು. ವಿಷಯ ಹೈಕೋರ್ಟಿನವರೆಗೆ ಹೋಯಿತು. ಮಾರ್ಚಿನಲ್ಲಿ ಆ ಇಬ್ಬರಲ್ಲಿ ಒಬ್ಬರು ಮೇಯರ್ ಆಗಿಯೂ ಆಯ್ಕೆಯಾದರು. ಯಾರದು ಸರಿ, ಯಾರದು ತಪ್ಪು ಅಂತ ಹೇಳುವುದು ನ್ಯಾಯಾಲಯದ ಕೆಲಸ. ನಾನು ನಿಮ್ಮ ಮುಂದೆ ಇಡಬೇಕೆಂದಿರುವುದು ಆ ಆದೇಶದ ಹಿಂದಿರುವ ಕಾನೂನನ್ನು.

1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆ. ಅದರ 26ನೇ ಕಲಂ. ಪಾಲಿಕೆಯ ಕೆಲಸದಲ್ಲಿ, ಪಾಲಿಕೆಯ ಗುತ್ತಿಗೆಯಲ್ಲಿ, ನೇರವಾಗಿ ಆಗಲಿ ಇನ್ನೊಬ್ಬರ ಮೂಲಕ ಆಗಲಿ ಪಾಲು ಇಟ್ಟುಕೊಂಡವರು ಸದಸ್ಯರಾಗಿ ಇರುವಂತಿಲ್ಲ ಅನ್ನುವುದು ಅದರ ಸಾರ. ಎಷ್ಟು ಲಕ್ಷ ಹೊಡೆದರು ಅಂತ ಈ ಕಲಂ ಕೇಳುವುದೇ ಇಲ್ಲ. ಪಾಲು ಇದೆಯಾ, ಇಲ್ಲವಾ? ಅಷ್ಟೇ ಪ್ರಶ್ನೆ.

ಕೆಲವರು ಕೇಳುತ್ತಾರೆ: 'ಹೆಂಡತಿ ಅಂಗಡಿ ಇಟ್ಟುಕೊಂಡರೆ ತಪ್ಪೇನು? ಬಾಡಿಗೆ ಕಟ್ಟುತ್ತಾರಲ್ವಾ?' ಕೇಳಬೇಕಾದ ಪ್ರಶ್ನೆಯೇ. ಯಾವುದೋ ಒಂದು ಊರಿನ ಪಾಲಿಕೆ ಮಳಿಗೆ ಅಂದುಕೊಳ್ಳಿ. ಬಾಡಿಗೆ ಜಾಸ್ತಿ ಮಾಡಬೇಕೋ ಬೇಡವೋ ಅಂತ ಸಭೆಯಲ್ಲಿ ಕೈ ಎತ್ತುವವರು ಯಾರು? ಬಾಕಿ ಉಳಿದರೆ ಬಡ್ಡಿ ಬಿಡಿ ಅಂತ ಹೇಳುವವರು ಯಾರು? ಅಡುಗೆ ಜಾಗ ಗಲೀಜಾಗಿದ್ದರೆ ನೋಟಿಸ್ ಕೊಡಬೇಕಾದ ಆರೋಗ್ಯ ನಿರೀಕ್ಷಕರಿಗೆ ಆ ಅಂಗಡಿ ಯಾರದು ಅಂತ ಗೊತ್ತಿರುತ್ತದೆ. ಅವರ ಕೈ ನಡುಗುತ್ತದೆ. ಪಕ್ಕದ ಅಂಗಡಿಯವನಿಗೆ ಮಾತ್ರ ನೋಟಿಸ್ ಹೋಗುತ್ತದೆ. ಇಲ್ಲಿ ಯಾರೂ ಒಂದು ರೂಪಾಯಿ ಲಂಚ ಮುಟ್ಟಿರಲಿಕ್ಕಿಲ್ಲ. ಆದರೂ ಪಕ್ಕದ ಅಂಗಡಿಯವನಿಗೆ ಅನ್ಯಾಯ ಆಗಿಹೋಯಿತು. ನನಗೆ ಸಂಕಟ ಆಗುವುದು ಅವನನ್ನು ನೆನೆದು.

ಹಾಗಾದರೆ ಯಾರ ಪಾಲು ಎಲ್ಲಿದೆ ಅಂತ ನಮಗೆ ಗೊತ್ತಾಗುವುದು ಹೇಗೆ? ಅದಕ್ಕೂ ಅದೇ ಕಾಯ್ದೆಯಲ್ಲಿ ದಾರಿ ಇದೆ. ಸದಸ್ಯರು ತಮ್ಮ ಮತ್ತು ಮನೆಯವರ ಆಸ್ತಿಯ ವಿವರವನ್ನು ವರ್ಷ ವರ್ಷವೂ ಕೊಡಬೇಕು. ಚುನಾವಣೆಗೆ ನಿಲ್ಲುವಾಗ ಕೊಡುವ ಪ್ರಮಾಣಪತ್ರ ಬೇರೆ. ಅದನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಅನ್ನುವುದನ್ನು ಮೈಸೂರು ಕಂಡಿದೆ. 2018ರ ಚುನಾವಣೆಯಲ್ಲಿ ಗೆದ್ದ ಒಬ್ಬರು ಆಸ್ತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದಾರೆ ಅಂತ ಸೋತವರು ಕೋರ್ಟಿಗೆ ಹೋದರು. ಕೇಸು ನಡೆಯುತ್ತಿದ್ದಂತೆಯೇ ಗೆದ್ದವರು ಮೇಯರ್ ಕೂಡ ಆದರು. 2021ರ ಮೇ ತಿಂಗಳಲ್ಲಿ ಹೈಕೋರ್ಟು ಅವರ ಆಯ್ಕೆಯೇ ಅಸಿಂಧು ಅನ್ನುವ ಕೆಳ ನ್ಯಾಯಾಲಯದ ತೀರ್ಪನ್ನು ಎತ್ತಿಹಿಡಿಯಿತು. ಮೇಯರ್ ಗಾದಿಯೂ ಹೋಯಿತು, ಸದಸ್ಯತ್ವವೂ ಹೋಯಿತು.

ಈ ಎರಡೂ ಊರುಗಳಲ್ಲಿ ಯಾರ ಮೇಲೆ ದೂರು ಕೊಡಬೇಕೋ ಆ ಸದಸ್ಯರಾದರೂ ಇದ್ದರು, ನೋಡಿ. ಬೆಂಗಳೂರಿನ ಕಥೆ ಬೇರೆ. ಅಲ್ಲಿ 2015ರಲ್ಲಿ ಆರಿಸಿದ 198 ವಾರ್ಡುಗಳ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಐದು ವರ್ಷ ತುಂಬಿದರೂ ಚುನಾವಣೆ ಆಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆ ಆದವು, ಆಗಲೂ ಆರಿಸಿ ಬಂದವರು ಒಬ್ಬರೂ ಇರಲಿಲ್ಲ. ಅಷ್ಟೂ ವರ್ಷ ಸಾವಿರಾರು ಕೋಟಿಯ ಬಜೆಟ್ಟುಗಳು ಬಂದವು, ಹೋದವು. ಎಲ್ಲವನ್ನೂ ನೋಡಿಕೊಂಡವರು ಅಧಿಕಾರಿಗಳು. 'ನೀನು ಓಟು ಕೇಳಲು ಬಂದಾಗ ನೋಡಿಕೊಳ್ಳುತ್ತೇನೆ' ಅಂತ ಅಧಿಕಾರಿಗೆ ಹೇಳಲು ಆಗುತ್ತದೆಯೇ? ಕೆಟ್ಟ ಕಾರ್ಪೊರೇಟರ್‌ನನ್ನು ನಾವು ಸೋಲಿಸಬಹುದು. ಖಾಲಿ ಕುರ್ಚಿಯನ್ನು ಏನು ಮಾಡುವುದು?

ನಮ್ಮ ಬೀದಿಯ ಒಂದು ಸಣ್ಣ ಸಂಗತಿ ಹೇಳಿಬಿಡುತ್ತೇನೆ. ಊರಿನ ಹೆಸರು ಬೇಡ. ಅಲ್ಲಿ ಚರಂಡಿ ಕೆಲಸ ಆಯಿತು. ಮಳೆ ಬಂದ ಮೊದಲ ದಿನವೇ ನೀರು ರಸ್ತೆಗೆ ಬಂತು. ಗುತ್ತಿಗೆದಾರ ಯಾರಿಗೋ ಹತ್ತಿರದ ನೆಂಟನಂತೆ ಅಂತ ಬೀದಿ ತುಂಬಾ ಗುಸುಗುಸು. ನಾನು ಗುಸುಗುಸು ಬಿಟ್ಟು ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಕೇಳಿದ್ದು ಎರಡೇ: ಅಂದಾಜು ಪಟ್ಟಿ ಮತ್ತು ಎಂ.ಬಿ. ಪುಸ್ತಕದ ನಕಲು. ಎಂ.ಬಿ. ಅಂದರೆ ಅಳತೆ ಪುಸ್ತಕ. ಕೆಲಸ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಅಂತ ಎಂಜಿನಿಯರ್ ಅಳೆದು ಬರೆಯುವ ಪುಸ್ತಕ. ಬಿಲ್ಲು ಪಾಸಾಗುವುದು ಅದರ ಮೇಲೆ. ನೀವು ಏನನ್ನೇ ಕೇಳಿ, ಇದನ್ನು ಮಾತ್ರ ಮರೆಯಬೇಡಿ.

ನಕಲು ಕೈಗೆ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಟೇಪು ಹಿಡಿದು ಚರಂಡಿಗೆ ಇಳಿದೆ. ಎದುರು ಮನೆಯ ಅಜ್ಜಿ ಚಪ್ಪಡಿಯ ಮೇಲೆ ಕೂತು ಟೇಪಿನ ಇನ್ನೊಂದು ತುದಿ ಹಿಡಿದರು. ಪುಸ್ತಕದಲ್ಲಿ ಎರಡು ಅಡಿ ಆಳ ಅಂತ ಇತ್ತು. ನಮ್ಮ ಟೇಪು ಒಂದೂಕಾಲು ಅಡಿ ತೋರಿಸಿತು. ಅಜ್ಜಿ ಕನ್ನಡಕ ಸರಿ ಮಾಡಿಕೊಂಡು, 'ಇನ್ನೊಂದು ಕಡೆ ಹಿಡಿ ಮಗಾ, ಇಲ್ಲಿ ತಪ್ಪಿರಬಹುದು' ಅಂದರು. ಇನ್ನೂ ನಾಲ್ಕು ಕಡೆ ಹಿಡಿದೆವು. ಅಷ್ಟರಲ್ಲಿ ಬೀದಿಯ ಏಳೆಂಟು ಮನೆಯವರು ಹೊರಗೆ ಬಂದು ನಿಂತಿದ್ದರು. ದೂರಿನ ಅರ್ಜಿಗೆ ಸಹಿ ಹಾಕಲು ಪೆನ್ನು ತಂದವರು ಆ ಅಜ್ಜಿಯೇ.

ನಮಸ್ಕಾರ.