ಮನವಿ ಕೊಟ್ಟ ಮರುದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಗ್ರಾಮ ಪಂಚಾಯಿತಿ ಸದಸ್ಯರನ್ನು ನಮ್ಮ ಹಳ್ಳಿಗಳಲ್ಲಿ ಮೆಂಬರು ಅಂತಲೇ ಕರೆಯುತ್ತಾರೆ. ಬೀದಿದೀಪ ಕೆಟ್ಟರೆ ಮೆಂಬರು ಬೇಕು, ಚರಂಡಿ ಕಟ್ಟಿಕೊಂಡರೆ ಮೆಂಬರು ಬೇಕು, ಅಜ್ಜಿಯ ಪಿಂಚಣಿ ನಿಂತರೂ ಮೆಂಬರೇ ಬೇಕು. ಶಾಸಕರನ್ನು ನೋಡಬೇಕಾದರೆ ಬಸ್ಸು ಹತ್ತಬೇಕು. ಮೆಂಬರ ಮನೆ ಪಕ್ಕದ ಬೀದಿಯಲ್ಲಿರುತ್ತದೆ. ಕರ್ನಾಟಕದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ಸದಸ್ಯರು ಆಯ್ಕೆಯಾಗುತ್ತಾರೆ. ಪಕ್ಷದ ಚಿಹ್ನೆ ಇಲ್ಲದೆ ನಡೆಯುವ ಚುನಾವಣೆ ಅದು. ಗೆದ್ದವರು ಮತ ಹಾಕಿದವರ ಕಣ್ಣೆದುರಿನಲ್ಲೇ ಐದು ವರ್ಷ ಓಡಾಡಬೇಕು. ಇಂಥ ಸದಸ್ಯರು ಜನರ ಪರವಾಗಿ ದನಿ ಎತ್ತುವುದು ಹೇಗೆ, ಎತ್ತಿದ ದನಿ ಕೆಲಸವಾಗಿ ನೆಲಕ್ಕಿಳಿಯುವುದು ಹೇಗೆ ಅನ್ನುವುದರ ಬಗ್ಗೆ ಇವತ್ತು ಮಾತಾಡುತ್ತೇನೆ.

ಮನವಿ ಪತ್ರ ಕೊಡುವುದನ್ನು ನೀವೆಲ್ಲ ನೋಡಿದ್ದೀರಿ. ಅಧಿಕಾರಿ ಒಂದು ಕೈಯಲ್ಲಿ ಕಾಗದ ಹಿಡಿದಿರುತ್ತಾರೆ, ಸದಸ್ಯರು ಇನ್ನೊಂದು ತುದಿ ಹಿಡಿದಿರುತ್ತಾರೆ, ಸುತ್ತ ಹತ್ತು ಜನ ನಿಂತಿರುತ್ತಾರೆ. ಸಂಜೆಯ ಹೊತ್ತಿಗೆ ಆ ಫೋಟೊ ಊರಿನವರ ಮೊಬೈಲಿಗೆಲ್ಲ ಬಂದಿರುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಸದಸ್ಯರ ಅಸಲಿ ಕೆಲಸ ಶುರುವಾಗುವುದು ಮರುದಿನ. ಆ ಕಾಗದ ಯಾವ ಮೇಜಿಗೆ ಹೋಯಿತು, ಅದಕ್ಕೆ ಸಂಖ್ಯೆ ಬಿತ್ತೇ, ಉತ್ತರ ಬರೆಯಬೇಕಾದವರು ಯಾರು ಎಂದು ಬೆನ್ನು ಹತ್ತಿ ಕೇಳುವವರು ನನ್ನ ಅನುಭವದಲ್ಲಿ ಕಡಿಮೆ. ಹಾಗೆ ಕೇಳುವ ಕೆಲವರನ್ನು ಹತ್ತಿರದಿಂದ ಕಂಡಿದ್ದೇನೆ. ಅವರಲ್ಲಿ ಒಬ್ಬರ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಬಯಲುಸೀಮೆಯ ಒಂದು ಹಳ್ಳಿ. ಓವರ್‌ಹೆಡ್ ಟ್ಯಾಂಕಿನಿಂದ ಹೊರಟ ಪೈಪು ಊರೆಲ್ಲ ಸುತ್ತಿ ಕೊನೆಗೆ ದಿಬ್ಬದ ಮೇಲಿನ ಕಾಲೊನಿ ಮುಟ್ಟುತ್ತದೆ. ತಗ್ಗಿನ ಮನೆಗಳವರು ನಲ್ಲಿ ಬಿಟ್ಟುಕೊಂಡ ಕೂಡಲೇ ದಿಬ್ಬದ ಮನೆಗಳಲ್ಲಿ ನೀರು ಬೆರಳುಗಾತ್ರಕ್ಕೆ ಇಳಿಯುತ್ತದೆ. ಅದರ ಮೇಲೆ ಕೆಲವರು ಪೈಪಿಗೇ ಮೋಟಾರು ಕೂರಿಸಿ ಎಳೆಯುತ್ತಾರೆ. ಪಂಚಾಯಿತಿ ಸಭೆಯಲ್ಲಿ ಈ ವಿಷಯ ಎಷ್ಟೋ ಸಲ ಬಂದಿತ್ತು. "ನೀರು ಸರಿಯಾಗಿ ಬರ್ತಿಲ್ಲ" ಅಂತ ಒಬ್ಬರು ಹೇಳುವುದು, "ನೋಡೋಣ" ಅಂತ ಇನ್ನೊಬ್ಬರು ಹೇಳುವುದು, ಅಲ್ಲಿಗೆ ಮುಗಿಯುವುದು.

ಆ ವಾರ್ಡಿಗೆ ಹೊಸದಾಗಿ ಬಂದ ಸದಸ್ಯೆ ಒಂದು ಶಾಲೆಯ ನೋಟ್‌ಬುಕ್ ಹಿಡಿದು ಕಾಲೊನಿಯ ಕೊನೆಯ ಮನೆಗಳಲ್ಲಿ ಕುಳಿತರು. ನೀರುಗಂಟಿ ವಾಲ್ವ್ ತಿರುಗಿಸಿದ್ದು ಎಷ್ಟು ಗಂಟೆಗೆ, ಇಲ್ಲಿ ನಲ್ಲಿಯಲ್ಲಿ ನೀರು ಕಂಡದ್ದು ಎಷ್ಟು ಗಂಟೆಗೆ, ನಿಂತದ್ದು ಯಾವಾಗ, ತುಂಬಿದ್ದು ಎಷ್ಟು ಕೊಡ ಎಂದು ದಿನವೂ ಬರೆದರು. ಒಬ್ಬ ಅಜ್ಜಿ, "ಅಲ್ಲ ಕಣವ್ವ, ನೀರು ಬರ್ಲಿಲ್ಲ ಅಂದ್ಮೇಲೆ ಬರ್ಲಿಲ್ಲ, ಅದನ್ನ ಬರ್ಕೊಂಡ್ರೆ ಬತ್ತದಾ?" ಅಂತ ಕೇಳಿದರಂತೆ. ಆದರೆ ಆ ಬರಹವೇ ಕೊನೆಗೆ ಕೆಲಸಕ್ಕೆ ಬಂತು.

ಅದು ಹೀಗಾಯಿತು. ಹಳ್ಳಿಯ ಮನೆಮನೆಗೂ ನಲ್ಲಿ ನೀರು ಕೊಡಲೆಂದು 2019ರ ಆಗಸ್ಟ್ 15ರಂದು ಘೋಷಣೆಯಾದ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್‌ನ ಮಾನದಂಡದಂತೆ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಐದು ಜನರ ಸಂಸಾರಕ್ಕೆ ಅಲ್ಲಿಗೆ 275 ಲೀಟರ್ ಆಯಿತು. ಕಾಲೊನಿಯ ಕೊನೆಯ ಮನೆಗಳಿಗೆ ಸಿಗುತ್ತಿದ್ದದ್ದು ಎಂಟು ಕೊಡ. ಕೊಡಕ್ಕೆ 15 ಲೀಟರ್ ಹಿಡಿದರೂ 120 ಲೀಟರ್ ದಾಟುವುದಿಲ್ಲ. ಅಂದರೆ ಅರ್ಧವೂ ಇಲ್ಲ. ಸಭೆಯಲ್ಲಿ ಆಕೆ ಎದ್ದು ನಿಂತು ಈ ಲೆಕ್ಕ ಓದಿದಾಗ "ನೋಡೋಣ" ಅನ್ನುವುದು ಯಾರಿಗೂ ಸುಲಭವಾಗಲಿಲ್ಲ. ದುಡ್ಡಿಲ್ಲ ಅನ್ನುವ ಮಾತು ಬಂತು. ಅದಕ್ಕೂ ಅವರ ಬಳಿ ಉತ್ತರ ಇತ್ತು: ಕೇಂದ್ರದಿಂದ ಪಂಚಾಯಿತಿಗೆ ಬರುವ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡಾ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಕೆಯಾಗಬೇಕು ಎಂಬ ನಿಯಮವಿದೆ, ಕ್ರಿಯಾ ಯೋಜನೆಯಲ್ಲಿ ಇದನ್ನು ಸೇರಿಸಿ ಎಂದರು. ಅವರು ಹೊಸ ಟ್ಯಾಂಕನ್ನೇನೂ ಕೇಳಲಿಲ್ಲ. ದಿಬ್ಬದ ಸಾಲಿಗೆ ಪ್ರತ್ಯೇಕ ವಾಲ್ವ್ ಹಾಕಿ, ಕೆಳಗಿನ ಬೀದಿ ಮುಚ್ಚಿ ಮೊದಲು ಮೇಲಕ್ಕೆ ನೀರು ಬಿಡಿ ಅಂತ ಕೇಳಿದರು. ನೀರುಗಂಟಿಯನ್ನು ಸಭೆಗೆ ಕರೆಸಿ, ಆ ಸರದಿ ನಡೆಸಲು ಸಾಧ್ಯವೇ ಎಂದು ಅವರ ಬಾಯಿಂದಲೇ ಹೇಳಿಸಿದರು. ಠರಾವು ಆಯಿತು. ವಾಲ್ವ್ ಬಿತ್ತು. ಪೈಪಿಗೆ ಮೋಟಾರು ಹಾಕಿದವರ ವಿಷಯದಲ್ಲಿ ಜಗಳವೂ ಆಯಿತು, ಅದು ಬೇಗ ತೀರಲಿಲ್ಲ. ಆದರೂ ದಿಬ್ಬದ ಮನೆಗಳಿಗೆ ಬೆಳಿಗ್ಗೆ ನೀರು ಏರಿತು.

ಠರಾವು ಅಂದೆ. ಅದರ ಬಗ್ಗೆ ಒಂದು ಮಾತು. ಸಭೆಯಲ್ಲಿ ಆಡಿದ್ದು ನಡಾವಳಿ ಪುಸ್ತಕದಲ್ಲಿ ಬರೆಯದೇ ಹೋದರೆ, ಕಾಗದದ ಲೆಕ್ಕದಲ್ಲಿ ಅದು ಆಡಿದ ಮಾತೇ ಅಲ್ಲ. ಗಂಟಲು ಹರಿಯುವಷ್ಟು ಮಾತಾಡಿ, ಕೊನೆಗೆ ನಡಾವಳಿಯಲ್ಲಿ ಏನಿದೆ ಅಂತ ಓದದೆ ರುಜು ಹಾಕಿ ಬರುವ ಸದಸ್ಯರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನಿಮ್ಮ ವಾರ್ಡಿನ ವಿಷಯ ಯಾವ ಸಂಖ್ಯೆಯ ನಿರ್ಣಯ, ಮುಂದಿನ ಸಭೆಯೊಳಗೆ ಏನಾಗಬೇಕು, ಹೊಣೆ ಯಾರದು, ಈ ಮೂರನ್ನೂ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಎದುರಿಗೆ ಓದಿಸಿ ರುಜು ಹಾಕಿ. ಅದರ ನಕಲು ಕೇಳಿ ಪಡೆಯಿರಿ. ಇದಕ್ಕೆ ಜಗಳ ಬೇಡ, ಜ್ಞಾಪಕ ಸಾಕು.

ಇನ್ನೊಂದು ಸಂಗತಿ, ಯಾವ ಬಾಗಿಲು ತಟ್ಟಬೇಕು ಅನ್ನುವುದು. ಊರೊಳಗಿನ ರಸ್ತೆ ಪಂಚಾಯಿತಿಯದು. ಊರಿಗೆ ಬರುವ ರಸ್ತೆ ಜಿಲ್ಲಾ ಪಂಚಾಯಿತಿಯದ್ದಿರಬಹುದು, ಲೋಕೋಪಯೋಗಿ ಇಲಾಖೆಯದ್ದೂ ಇರಬಹುದು. ಪಡಿತರ ಚೀಟಿ ಆಹಾರ ಇಲಾಖೆಯದು. ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ಪಿಂಚಣಿ ಇವೆಲ್ಲ ಕಂದಾಯ ಇಲಾಖೆಯವು, ಅರ್ಜಿ ಹೋಗುವುದು ನಾಡಕಚೇರಿಗೆ. ಜನಕ್ಕೆ ಈ ವಿಂಗಡಣೆ ಗೊತ್ತಿರಬೇಕಾಗಿಲ್ಲ. ಸದಸ್ಯರಿಗೆ ಮಾತ್ರ ಗೊತ್ತಿರಲೇಬೇಕು. ಇಲ್ಲದಿದ್ದರೆ ಎಪ್ಪತ್ತು ದಾಟಿದವರು ಬಿಸಿಲಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ.

ಪಿಂಚಣಿ ನಿಂತುಹೋದ ಹಿರಿಯರ ವಿಚಾರ ಬಹಳ ಕಡೆ ಕೇಳುತ್ತೇನೆ. ಕಾರಣ ಹೆಚ್ಚಾಗಿ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿರುವುದು, ಅಥವಾ ಹೆಸರಿನ ಒಂದಕ್ಷರ ಅಲ್ಲೊಂದು ಇಲ್ಲೊಂದು ಇರುವುದು. ಹಿರಿಯರಿಗೆ ಅದು ತಿಳಿಯುವುದಿಲ್ಲ, "ಈ ತಿಂಗಳು ಬಂದಿಲ್ಲ, ಮುಂದಿನ ತಿಂಗಳು ಬರ್ಬೋದು" ಅಂತ ಕಾಯುತ್ತಾರೆ. ಇಲ್ಲಿ ಸದಸ್ಯರು ಮಾಡಬೇಕಾದದ್ದು ಭಾಷಣವಲ್ಲ. ಜೊತೆಗೆ ಬ್ಯಾಂಕಿಗೆ ಹೋಗಬೇಕು, ಪಾಸ್‌ಬುಕ್ ನೋಡಬೇಕು, ಯಾವ ಖಾತೆಗೆ ಜೋಡಣೆಯಾಗಿದೆ ಎಂದು ಕೇಳಬೇಕು. ಹೊಸದಾಗಿ ಅರ್ಜಿ ಹಾಕಿಸುವುದಾದರೆ ಸಕಾಲದ ಸ್ವೀಕೃತಿ ಚೀಟಿ ತೆಗೆದುಕೊಳ್ಳಲೇಬೇಕು. ಸರ್ಕಾರಿ ಸೇವೆ ಹೇಳಿದ ಸಮಯಕ್ಕೆ ಸಿಗಬೇಕೆಂಬ 2011ರ ಕಾಯ್ದೆಯಂತೆ ಕರ್ನಾಟಕದಲ್ಲಿ 2012ರಿಂದ ನಡೆಯುತ್ತಿರುವ ಸಕಾಲದಲ್ಲಿ ಪ್ರತಿ ಸೇವೆಗೂ ಗಡುವು ಇದೆ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕೂ ಅರ್ಜಿದಾರರಿಗಿದೆ. ಮೊತ್ತ ಸಣ್ಣದು. ಆದರೆ ಚೀಟಿಯ ಮೇಲಿನ ಸಂಖ್ಯೆ ಕೈಯಲ್ಲಿದ್ದರೆ "ಇನ್ನೂ ಬಂದಿಲ್ಲ ಅಜ್ಜಿ, ನಾಳೆ ಬನ್ನಿ" ಅನ್ನುವ ಮಾತು ಅಷ್ಟು ಸಲೀಸಾಗಿ ಬರುವುದಿಲ್ಲ. ನಿಮ್ಮ ವಾರ್ಡಿನಲ್ಲಿ ಅರ್ಜಿ ಹಾಕಿದವರೆಲ್ಲರ ಸಕಾಲ ಸಂಖ್ಯೆ ಒಂದೆಡೆ ಬರೆದಿಟ್ಟುಕೊಂಡ ಸದಸ್ಯರಿದ್ದರೆ ಅವರನ್ನು ಬಿಟ್ಟುಕೊಡಬೇಡಿ.

ಬಸ್ಸಿನ ವಿಷಯವನ್ನೂ ಸೇರಿಸಿಬಿಡುತ್ತೇನೆ. ಪದವಿಪೂರ್ವ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಬಸ್ಸಿಲ್ಲದೆ ಓದು ಬಿಟ್ಟರು ಅನ್ನುವ ಮಾತು ಗ್ರಾಮಸಭೆಗಳಲ್ಲಿ ಬರುತ್ತಲೇ ಇರುತ್ತದೆ. ಹೊಸ ಬಸ್ಸು ಬಿಡಿ ಅಂದರೆ ಡಿಪೊದಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಬಸ್ಸಿಲ್ಲ, ಸಿಬ್ಬಂದಿಯಿಲ್ಲ. ಒಬ್ಬ ಸದಸ್ಯರು ಬೇರೆ ದಾರಿ ಹಿಡಿದರು. ಯಾವ ಯಾವ ಹಳ್ಳಿಯಿಂದ ಎಷ್ಟು ಮಕ್ಕಳ ಬಳಿ ಪಾಸಿದೆ, ಕಾಲೇಜು ಶುರುವಾಗುವುದು ಎಷ್ಟಕ್ಕೆ, ಈಗಿರುವ ಬಸ್ಸು ಊರು ಬಿಡುವುದು ಎಷ್ಟಕ್ಕೆ ಎಂದು ಪಟ್ಟಿ ಮಾಡಿ, ಇರುವ ಬಸ್ಸನ್ನೇ ಅರ್ಧ ಗಂಟೆ ಮುಂಚೆ ಬಿಡಿ ಅಂತ ಕೇಳಿದರು. ಪ್ರಾಂಶುಪಾಲರ ರುಜು ಹಾಕಿಸಿದರು, ಪಕ್ಕದ ಎರಡು ಪಂಚಾಯಿತಿಗಳಿಂದಲೂ ಠರಾವು ಮಾಡಿಸಿದರು. ಸಮಯ ಬದಲಾಯಿತು. ಕೊಡುವವರ ಕೈಯಲ್ಲಿ ಏನಿದೆ ಎಂದು ತಿಳಿದು ಕೇಳುವುದೂ ಜನರ ಪರ ನಿಲ್ಲುವ ಒಂದು ಬಗೆ.

ಈ ಸದಸ್ಯತ್ವ ಎಂಬುದು ನಮಗೆ ಪುಕ್ಕಟೆಯಾಗಿ ಬಂದದ್ದಲ್ಲ. ಪಂಚಾಯಿತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ ದೇಶಕ್ಕೆಲ್ಲ ಜಾರಿಯಾದದ್ದು 1993ರ ಏಪ್ರಿಲ್ 24ರಂದು. ಅದಕ್ಕೂ ಮೊದಲೇ ಕರ್ನಾಟಕ 1983ರ ಪಂಚಾಯಿತಿ ಕಾಯ್ದೆ ಮಾಡಿತ್ತು, 1987ರಲ್ಲಿ ಜಿಲ್ಲಾ ಪರಿಷತ್ ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಸಿತ್ತು, ಕಾಲು ಭಾಗದಷ್ಟು ಸ್ಥಾನವನ್ನು ಮಹಿಳೆಯರಿಗೆ ಮೀಸಲಿಟ್ಟಿತ್ತು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿನ ಶಕ್ತಿ. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಅಂತ ಕರೆದರು. ಗುಂಡ್ಲುಪೇಟೆಯ ಈ ಮನುಷ್ಯ 1988ರಲ್ಲಿ ತೀರಿಕೊಂಡರು. ಇವತ್ತು ಪಂಚಾಯಿತಿ ಸದಸ್ಯರ ತರಬೇತಿಯ ಹೊಣೆ ಹೊತ್ತ ಮೈಸೂರಿನ ಸಂಸ್ಥೆಗೆ ಅವರದೇ ಹೆಸರಿದೆ. ನೀರು ಕೊಟ್ಟವರು ಅಧಿಕಾರವನ್ನೂ ಹಳ್ಳಿಗೇ ಕೊಡಬೇಕು ಅಂದದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಸಚಿವರು ಬಂದು ಕೊಳವೆಬಾವಿ ಕೊರೆಸಿಕೊಟ್ಟರೆ ಒಂದು ಬೇಸಿಗೆ ದಾಟಬಹುದು. ಆ ಬಾವಿಯ ಮೋಟಾರು ಸುಟ್ಟ ದಿನ ಊರಿನಲ್ಲೇ ಒಬ್ಬರು ಹೊಣೆಗಾರರು ಇರಬೇಕಲ್ಲ.

ಈಗ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು. ಆದರೂ ಕೆಲವು ಕಡೆ ಗೆದ್ದವರು ಮನೆಯಲ್ಲಿ, ಸಭೆಯಲ್ಲಿ ಗಂಡನೋ ಮೈದುನನೋ. ಇದನ್ನು ಊರಿನವರು ಸಹಿಸಬಾರದು. ಕುರ್ಚಿಯ ಮಾನದ ಪ್ರಶ್ನೆ ಒಂದು ಕಡೆಯಿರಲಿ, ಇದರಿಂದ ಕೆಲಸವೇ ಕೆಡುತ್ತದೆ. ಎಂಟು ಕೊಡದ ಲೆಕ್ಕ ಹಾಕಿದ್ದು ಕೊಡ ಹೊತ್ತವರು. ಅಂಗನವಾಡಿಯ ಮೊಟ್ಟೆ ಯಾವ ದಿನ ಬರಲಿಲ್ಲ, ಶಾಲೆಯ ಶೌಚಾಲಯಕ್ಕೆ ನೀರಿಲ್ಲದೆ ದೊಡ್ಡ ಹೆಣ್ಣುಮಕ್ಕಳು ಯಾವಾಗ ರಜೆ ಹಾಕುತ್ತಾರೆ, ಆಶಾ ಕಾರ್ಯಕರ್ತೆಗೆ ರಾತ್ರಿ ಹೊತ್ತು ಯಾರು ಜೊತೆ ಹೋಗುತ್ತಾರೆ, ಇವು ಸಭೆಗೆ ಬರುವುದು ಆಕೆ ಬಂದರೆ ಮಾತ್ರ. ಮೊದಲ ಸಭೆಯಲ್ಲಿ ಬಾಯಿ ಬಿಡಲು ಹೆದರಿದ ಸದಸ್ಯೆಯರು ವರ್ಷದೊಳಗೆ ಜಮಾಬಂದಿಯಲ್ಲಿ, ಅಂದರೆ ಪಂಚಾಯಿತಿಯ ಲೆಕ್ಕಪತ್ರವನ್ನು ಜನರ ಎದುರು ಪರಿಶೀಲಿಸುವ ಸಭೆಯಲ್ಲಿ, ಓಚರು ತೋರಿಸಿ ಅಂತ ಕೇಳಿದ್ದನ್ನು ನೋಡಿದ್ದೇನೆ. ಅವರಿಗೆ ಬೇಕಿದ್ದದ್ದು ಸಭೆಯ ವಿಷಯಪಟ್ಟಿ ಮೊದಲೇ ಕೈಗೆ ಸಿಗುವುದು, ಓದಿ ಹೇಳುವ ಒಬ್ಬರು, ಮತ್ತು ಮನೆಗೆಲಸ ಮುಗಿಯುವ ಹೊತ್ತಿಗೆ ನಡೆಯುವ ಸಭೆ.

ಒಂದು ಕೊರತೆಯನ್ನೂ ಹೇಳಲೇಬೇಕು. ಗ್ರಾಮ ಪಂಚಾಯಿತಿಯ ಕೈ ಮೀರಿದ ಕೆಲಸಕ್ಕೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿವೆ. ಅವುಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂದು ವರ್ಷಗಟ್ಟಲೆ ಚುನಾವಣೆಯಿಲ್ಲದೆ ಕಳೆದವು. ಹಳ್ಳಿಯ ಸದಸ್ಯರು ಎತ್ತಿದ ದನಿಗೆ ಮೇಲಿನ ಹಂತದಲ್ಲಿ ಜನರೇ ಆರಿಸಿದ ಯಾರೂ ಇಲ್ಲದೆ, ಎಲ್ಲವೂ ಅಧಿಕಾರಿಗಳ ಮೇಜಿನ ಮೇಲೆ ನಿಂತಿತು. ಅಧಿಕಾರಿಗಳಲ್ಲಿ ಒಳ್ಳೆಯವರಿದ್ದಾರೆ, ಆದರೆ ಅವರು ವರ್ಗವಾಗಿ ಹೋಗುತ್ತಾರೆ. ಈ ಚುನಾವಣೆಗಳು ಕಾಲಕ್ಕೆ ಸರಿಯಾಗಿ ನಡೆಯಬೇಕು ಎಂದು ಒತ್ತಾಯಿಸುವುದೂ ಪ್ರತಿಯೊಬ್ಬ ಗ್ರಾಮ ಪಂಚಾಯಿತಿ ಸದಸ್ಯರ ಕೆಲಸ ಎಂದೇ ನಾನು ತಿಳಿದಿದ್ದೇನೆ.

ಕೇಳುಗರೇ, ಕಾನೂನಿನಂತೆ ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ, ಗ್ರಾಮಸಭೆ ನಡೆಯಬೇಕು. ಮನೆಗೆ, ದನದ ಕೊಟ್ಟಿಗೆಗೆ ಫಲಾನುಭವಿಗಳ ಹೆಸರು ಬರುವುದು ಅಲ್ಲಿ, ಮುಂದಿನ ವರ್ಷದ ಕಾಮಗಾರಿಗಳ ಬೇಡಿಕೆ ದಾಖಲಾಗುವುದೂ ಅಲ್ಲೇ. ನಿಮ್ಮ ಮೆಂಬರನ್ನು ಕಂಡಾಗ ವಾರ್ಡ್ ಸಭೆಯ ದಿನಾಂಕ ಕೇಳಿ. ಡಂಗುರ ಸಾರಿಸಿದಿರಾ, ಕಾಲೊನಿಗೂ ಹೇಳಿದಿರಾ ಅಂತಲೂ ಕೇಳಿ. ಸಭೆಗೆ ಹೋದಾಗ ಹಾಜರಾತಿ ಪುಸ್ತಕದಲ್ಲಿ ರುಜುವನ್ನೋ ಹೆಬ್ಬೆಟ್ಟನ್ನೋ ಸಭೆ ಮುಗಿದ ಮೇಲೆ ಹಾಕಿ. ಮೊದಲೇ ಹಾಕಿಸಿಕೊಂಡು ಸಭೆ ಎತ್ತಿಬಿಡುವ ಅಭ್ಯಾಸ ಕೆಲವೆಡೆ ಇದೆ. ಕಳೆದ ಸಭೆಯಲ್ಲಿ ಕೇಳಿದ ಕೆಲಸಗಳಲ್ಲಿ ಯಾವುದು ಆಯಿತು, ಯಾವುದು ಆಗಲಿಲ್ಲ, ಏಕೆ ಆಗಲಿಲ್ಲ ಎಂಬ ಅನುಪಾಲನಾ ವರದಿಯನ್ನು ಮೊದಲು ಓದಿಸಿ, ಆಮೇಲೆ ಹೊಸ ಬೇಡಿಕೆಗೆ ಬನ್ನಿ. ನಿಮ್ಮ ಸದಸ್ಯರು ಆ ವರದಿಗಾಗಿ ನಿಮಗಿಂತ ಮೊದಲೇ ಎದ್ದು ನಿಂತರೆ, ಅವರ ಪಕ್ಕದಲ್ಲಿ ನೀವೂ ಎದ್ದು ನಿಲ್ಲಿ.

ನಮಸ್ಕಾರ.