ಹಗ್ಗ, ಬುಟ್ಟಿ, ಹಂದಿ

ಕೇಳುಗರಿಗೆಲ್ಲ ನಮಸ್ಕಾರ.

ಹನುಕ್ಕಾ ಯಹೂದಿಗಳ ದೀಪದ ಹಬ್ಬ. ಒಂದು ದಿನಕ್ಕೆ ಸಾಲುವಷ್ಟು ಎಣ್ಣೆ ಎಂಟು ದಿನ ಉರಿಯಿತು ಅನ್ನೋ ಕಥೆ ನೀವೂ ಕೇಳಿರಬಹುದು. ಚೆಂದದ ಕಥೆಯೇ. ಆದರೆ ಈ ಹಬ್ಬ ಹುಟ್ಟಿದ ಬಗೆ ಹೇಳುವ, ಆ ಕಾಲಕ್ಕೆ ಹತ್ತಿರದ ಮಕ್ಕಬಿಯರ ಪುಸ್ತಕಗಳಲ್ಲಿ ಈ ಎಣ್ಣೆಯ ಮಾತೇ ಇಲ್ಲ. ಅದು ಬರುವುದು ನೂರಾರು ವರ್ಷದ ಮೇಲೆ, ಯಹೂದಿ ಗುರುಗಳ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ. ಹಳೆಯ ಪುಸ್ತಕಗಳ ತುಂಬ ಇರುವುದು ಜಗಳ. ಅದೂ ಮನೆಯೊಳಗಿನ ಜಗಳ.

ಕ್ರಿ.ಪೂ. 175ರಲ್ಲಿ ಅಂತಿಯೋಕಸ್ ಎಂಬ ಗ್ರೀಕ್ ದೊರೆ ಪಟ್ಟಕ್ಕೆ ಬಂದ. ಜೆರುಸಲೇಮ್ ಅವನ ಕೈಕೆಳಗಿತ್ತು. ಅವನ ಬಾಗಿಲಿಗೆ ಮೊದಲು ಓಡಿದವನು ಜೇಸನ್, ಅಲ್ಲಿನ ದೇವಾಲಯದ ಮುಖ್ಯ ಪೂಜಾರಿಯಾದ ಮಹಾಯಾಜಕನ ಒಡಹುಟ್ಟಿದವನು. ದುಡ್ಡು ಕೊಡ್ತೀನಿ, ಅಣ್ಣನ ಜಾಗ ನನಗೆ ಕೊಡಿ ಅಂದ. ಸಿಕ್ಕಿತು. ಮೂರು ವರ್ಷಕ್ಕೆ ಮೆನೆಲಾಸ್ ಎಂಬವನು ಬಂದು 300 ತಲಾಂತು ಬೆಳ್ಳಿ ಜಾಸ್ತಿ ಕೂಗಿದ. ಜೇಸನ್ ಮನೆಗೆ ಹೋದ! ದೇವರ ಪೀಠ ಹರಾಜಿಗೆ ಬಿತ್ತು. ದೊರೆ ದೇವಾಲಯವನ್ನು ಕೆಡಿಸಿದ್ದು 167ರಲ್ಲಿ, ಇದೆಲ್ಲ ಆದ ಮೇಲೆ. ಮೊದಲು ಮನೆ ಜಗಳ, ಆಮೇಲೆ ದೊರೆ.

164ರಲ್ಲಿ ಯೂದ ಮಕ್ಕಬಿ ಮತ್ತು ಅವನ ಒಡಹುಟ್ಟಿದವರು ಕಾದಾಡಿ ದೇವಾಲಯ ಬಿಡಿಸಿಕೊಂಡರು, ತೊಳೆದು ದೀಪ ಹಚ್ಚಿದರು. ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಇನ್ನೊಂದು 100 ವರ್ಷ ಮುಂದೆ ಹೋಗಿ ಸ್ವಾಮಿ!

ಅದೇ ಮನೆತನ ಈಗ ರಾಜ್ಯ ಆಳುತ್ತಿದೆ. ಅಣ್ಣ ಹಿರ್ಕಾನಸ್, ತಮ್ಮ ಅರಿಸ್ಟೊಬುಲಸ್. ಇಬ್ಬರಿಗೂ ಸಿಂಹಾಸನ ಬೇಕು. ತಮ್ಮ ಜೆರುಸಲೇಮ್ ಗೋಡೆಯ ಒಳಗೆ, ಅಣ್ಣ ಹೊರಗೆ ಮುತ್ತಿಗೆ ಹಾಕಿ ಕೂತಿದ್ದಾನೆ. ಆದರೆ ಒಳಗೆ ದಿನದ ಬಲಿ ನಿಲ್ಲುವಂತಿಲ್ಲ, ಅದಕ್ಕೆ ಕುರಿ ಬೇಕಲ್ವಾ? ಅದಕ್ಕೆ ಒಳಗಿನವರು ದಿನಾ ಬುಟ್ಟಿಗೆ ದಿನಾರ್ ತುಂಬಿ ಹಗ್ಗದಲ್ಲಿ ಇಳಿಸುವರು. ಹೊರಗಿನವರು ಎಣಿಸಿಕೊಂಡು ಕುರಿ ಕಟ್ಟಿ ಕಳಿಸುವರು. ಕೊಲ್ಲಲು ನಿಂತವರೇ ಪೂಜೆಗೆ ಕುರಿ ಕೊಡುತ್ತಿದ್ದರು, ಯೋಚನೆ ಮಾಡಿ. ಆಗ ಗ್ರೀಕ್ ವಿದ್ಯೆ ಬಲ್ಲ ಒಬ್ಬ ಮುದುಕ ಹೊರಗಿನವರ ಕಿವಿ ಊದಿದ: ಪೂಜೆ ನಡೆಯುವ ತನಕ ಅವರು ನಿಮಗೆ ಸಿಗುವುದಿಲ್ಲ. ಮಾರನೆಯ ದಿನವೂ ದುಡ್ಡಿನ ಬುಟ್ಟಿ ಇಳಿಯಿತು. ಹಗ್ಗ ಜಗ್ಗಿದರೆ ಮೇಲೆ ಬರುತ್ತಿರುವುದು ಹಂದಿ, ಯಹೂದಿಗಳಿಗೆ ಮೈಲಿಗೆಯ ಪ್ರಾಣಿ! ಅರ್ಧ ಗೋಡೆಗೆ ಬಂದಾಗ ಅದು ಗೊರಸನ್ನು ಕಲ್ಲಿಗೆ ನಾಟಿತು, ಇಡೀ ನಾಡು ನಡುಗಿತು ಅನ್ನುತ್ತದೆ ತಾಲ್ಮುದ್.

ಎಲ್ಲರೂ ಹಂದಿಯ ಬಗ್ಗೆಯೇ ಮಾತಾಡುತ್ತಾರೆ. ನನ್ನ ಕಣ್ಣು ಆ ಹಗ್ಗದ ಮೇಲೆ. ಹಗ್ಗ ನೆಟ್ಟಗೆ ಏರಿ ಇಳಿಯುವಷ್ಟು ದಿನ ಅದು ಅಣ್ಣತಮ್ಮಂದಿರ ಜಗಳವಾಗಿತ್ತು. ಆಮೇಲೆ ಇಬ್ಬರೂ ನ್ಯಾಯ ಕೇಳಿಕೊಂಡು ರೋಮ್‌ನ ಸೇನಾಪತಿ ಪಾಂಪೆಯ ಹತ್ತಿರ ಹೋದರು. ಕ್ರಿ.ಪೂ. 63ರಲ್ಲಿ ಪಾಂಪೆ ಊರು ಹಿಡಿದ. ಮಹಾಯಾಜಕ ವರ್ಷಕ್ಕೊಂದು ದಿನ ಮಾತ್ರ ಕಾಲಿಡುವ ಒಳಗುಡಿಗೆ ಸೀದಾ ನಡೆದುಹೋದ. ಮೊದಲು ಮನೆ ಜಗಳ, ಆಮೇಲೆ ರೋಮ್.

ಇವತ್ತಿನ ಯಹೂದಿ ಸಮುದಾಯಗಳಲ್ಲೂ ಜಗಳ ಕಡಿಮೆ ಇಲ್ಲ. ಯಾರ ಮತಾಂತರ ಸರಿ, ಯಾರು ಪೂರ್ತಿ ಯಹೂದಿ? ಜೆರುಸಲೇಮಿನ ಪಶ್ಚಿಮ ಗೋಡೆಯ ಬಳಿ ಗಂಡಸರು ಹೆಂಗಸರು ಒಟ್ಟಿಗೆ ಪ್ರಾರ್ಥಿಸಲು ಜಾಗ ಕೊಡುವ ಒಪ್ಪಂದ 2016ರಲ್ಲಿ ಆಯಿತು, 2017ರಲ್ಲಿ ಇಸ್ರೇಲ್ ಸರ್ಕಾರವೇ ಅದನ್ನು ತಡೆಹಿಡಿಯಿತು. ಜಗಳ ಬೇಡ ಅನ್ನುತ್ತಿಲ್ಲ. ಹಗ್ಗ ಕೈಬಿಡಬೇಡಿ ಅನ್ನುತ್ತಿದ್ದೇನೆ, ಅಷ್ಟೇ.

ಅಯ್ಯೋ, ಸಮಯ ಆಗಿಹೋಯಿತಂತೆ. ಕೊಂಕಣದ ಬೆನೆ ಇಸ್ರೇಲ್ ಎಂಬ ಯಹೂದಿಗಳ ಬಗ್ಗೆ ಹೇಳಬೇಕಿತ್ತು. ಗಾಣ ಆಡಿಸಿ ಶನಿವಾರ ರಜ ಮಾಡುವವರು ಅಂತ ಅವರಿಗೆ ಶನಿವಾರ ತೇಲಿ ಎಂದೇ ಹೆಸರಿತ್ತು. ಎಣ್ಣೆ ತೆಗೆಯುವವರಿಗೇ ಈ ಎಣ್ಣೆಯ ಹಬ್ಬ ಗೊತ್ತಾಗಿದ್ದು ಬಹಳ ತಡವಾಗಿ! ಇರಲಿ, ಇನ್ನೊಮ್ಮೆ.

ಒಂದೇ ಒಂದು ಮಾತು. ದೀಪ ಹಚ್ಚುವುದರಲ್ಲೂ ಶಮ್ಮಾಯ್, ಹಿಲ್ಲೆಲ್ ಎಂಬ ಹಳೆಯ ಯಹೂದಿ ಗುರುಗಳ ಎರಡು ಪಂಗಡ ಇತ್ತು. ಶಮ್ಮಾಯ್ ಕಡೆಯವರು ಮೊದಲ ರಾತ್ರಿ ಎಂಟು ಹಚ್ಚಿ ದಿನಕ್ಕೊಂದು ಇಳಿಸಿ ಅಂದರು. ಹಿಲ್ಲೆಲ್ ಕಡೆಯವರು ಒಂದರಿಂದ ಶುರುಮಾಡಿ ಏರಿಸಿ ಅಂದರು. ಮದುವೆಯ ಕಟ್ಟಳೆಯಲ್ಲೂ ಇವರಿಗೆ ಅವರಿಗೆ ಆಗುತ್ತಿರಲಿಲ್ಲ. ಆದರೂ ಹೆಣ್ಣು ಕೊಡುವುದು ತರುವುದು ನಿಲ್ಲಿಸಲಿಲ್ಲ ಅನ್ನುತ್ತದೆ ಯಹೂದಿ ಕಟ್ಟಳೆಗಳ ಹಳೆಯ ಸಂಗ್ರಹ ಮಿಶ್ನಾ. ಹಬ್ಬದ ಮೊದಲ ರಾತ್ರಿ ಯಾರ ಕಿಟಕಿಯಲ್ಲಾದರೂ ಒಂದೇ ದೀಪ ಕಂಡರೆ, ಹಿಲ್ಲೆಲ್ ಕಡೆಯವರು ಗೆದ್ದರು ಅಂತ ತಿಳಿದುಕೊಳ್ಳಿ. ನಮಸ್ಕಾರ.