ದಾರಿ ಮರೆತ ಲಿಂಫೋಸೈಟ್‌ಗಳು

ಎಲ್ಲರಿಗೂ ನಮಸ್ಕಾರ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಅಂದ ಕೂಡಲೇ ಬಿಳಿ ರಕ್ತಕಣಗಳನ್ನು ಕೊಲ್ಲುವ ಔಷಧ ಇರಬೇಕು ಅನ್ನಿಸುತ್ತದೆ, ಅಲ್ವಾ? ಫಿಂಗೋಲಿಮೋಡ್ ಹಾಗಲ್ಲ. ದಿನಕ್ಕೊಂದು ಕ್ಯಾಪ್ಸೂಲ್, ಬರೀ ಅರ್ಧ ಮಿಲಿಗ್ರಾಂ. ರಕ್ತದಲ್ಲಿ ಲಿಂಫೋಸೈಟ್ ಎಂಬ ಬಗೆಯ ಬಿಳಿ ರಕ್ತಕಣಗಳ ಸಂಖ್ಯೆ ಮೊದಲಿದ್ದುದರ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ. ಆದರೆ ಅವು ಸತ್ತಿರುವುದಿಲ್ಲ. ದುಗ್ಧಗ್ರಂಥಿಗಳಲ್ಲಿ ಸಿಕ್ಕಿಕೊಂಡಿರುತ್ತವೆ. ಕಾಲಿನ ಗಾಯ ಕೀವಾದಾಗ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುತ್ತದಲ್ಲ, ಅದೇ ಗ್ರಂಥಿ.

ಅಲ್ಲಿಂದ ಹೊರಬರಲು ಅವಕ್ಕೆ ಒಂದು ಜಾಡು ಬೇಕು. ಸ್ಫಿಂಗೋಸಿನ್-1-ಫಾಸ್ಫೇಟ್ ಅನ್ನುವ ಕೊಬ್ಬಿನ ಜಾತಿಯ ಅಣು ರಕ್ತದಲ್ಲಿ ಜಾಸ್ತಿ, ಗ್ರಂಥಿಯೊಳಗೆ ಕಡಿಮೆ. ಬೆಲ್ಲದ ಡಬ್ಬಿಯತ್ತ ಇರುವೆ ಹೊರಟ ಹಾಗೆ ಲಿಂಫೋಸೈಟ್ ಅದರತ್ತ ಸಾಗುತ್ತದೆ. ವಾಸನೆ ಹಿಡಿಯುವ ಮೂಗು, ಅದರ ಪೊರೆಯ ಮೇಲಿರುವ ಎಸ್1ಪಿ1 ಎಂಬ ರಿಸೆಪ್ಟರ್ ಪ್ರೋಟೀನ್.

ಈ ಮೂಗು ಒಂದೇ ಕಡೆ ಕೂತಿರುವುದಿಲ್ಲ. ಅಣು ಬಂದು ಅಂಟಿದರೆ ಪೊರೆ ಅಲ್ಲಿ ಗುಳಿ ಬಿದ್ದು, ಸಣ್ಣ ಚೀಲವಾಗಿ, ರಿಸೆಪ್ಟರನ್ನು ಒಳಕ್ಕೆಳೆದುಕೊಳ್ಳುತ್ತದೆ. ಚೀಲ ಸೇರುವುದು ಎಂಡೋಸೋಮ್‌ಗೆ. ಅದು ಅಂಚೆ ವಿಂಗಡಿಸುವ ಕೋಣೆ ಇದ್ದಂತೆ: ಬಂದದ್ದನ್ನು ವಾಪಸ್ ಮೇಲಕ್ಕೆ ಕಳಿಸಬೇಕೋ, ಒಡೆದುಹಾಕಬೇಕೋ? ಬಂದದ್ದು ದೇಹದ್ದೇ ಅಣುವಾದರೆ ರಿಸೆಪ್ಟರ್ ಸ್ವಲ್ಪ ಹೊತ್ತಿಗೆ ಪೊರೆಗೆ ಮರಳುತ್ತದೆ. ಫಿಂಗೋಲಿಮೋಡ್ ಆದರೆ ಇಲ್ಲ. ನಮ್ಮ ದೇಹದ ಕಿಣ್ವವೇ ಅದಕ್ಕೊಂದು ಫಾಸ್ಫೇಟ್ ಅಂಟಿಸಿ ಅಸಲಿ ಅಣುವಿನ ವೇಷ ಹಾಕಿಸುತ್ತದೆ. ಅದು ಬಂದು ಕೂತ ರಿಸೆಪ್ಟರ್‌ಗೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್‌ಗಳ ಸರ ಬೀಳುತ್ತದೆ. ಅದು ಗುಜರಿಗೆ ಹಾಕಿ ಎಂಬ ಚೀಟಿ. ಹೋದ ಮೂಗು ವಾಪಸ್ ಬರುವುದಿಲ್ಲ. ಔಷಧ ರಿಸೆಪ್ಟರನ್ನು ಸುಮ್ನೆ ಅಡ್ಡಗಟ್ಟುವುದಿಲ್ಲ, ಮೊದಲು ಜೋರಾಗಿ ಎಬ್ಬಿಸುತ್ತದೆ, ಆಮೇಲೆ ಕೆಲಸದಿಂದಲೇ ತೆಗೆಸುತ್ತದೆ. ಈ ಕಿಲಾಡಿತನ ನನಗೆ ಬಹಳ ಇಷ್ಟ.

ಇದರ ಮೂಲ ಒಂದು ಬೂಸ್ಟು. ಜೀರುಂಡೆಯ ಮೈಮೇಲೆ ಬೆಳೆಯುವ ಜಾತಿ. ಅದರಲ್ಲಿ ಸಿಕ್ಕ ಮಿರಿಯೋಸಿನ್ ಎಂಬ ವಸ್ತುವನ್ನು ತಿದ್ದಿ, 1990ರ ದಶಕದಲ್ಲಿ ಜಪಾನಿನ ತೆತ್ಸುರೋ ಫುಜಿತಾ ಮತ್ತು ಸಂಗಡಿಗರು ಈ ಔಷಧ ಮಾಡಿದರು. ಮೊದಲು ಕಿಡ್ನಿ ಕಸಿಗೆ ನೋಡಿದರು. ಆಗಲೇ ಇದ್ದ ಔಷಧಕ್ಕಿಂತ ಮೇಲಾಗಲಿಲ್ಲ. ನರಗಳ ಹೊದಿಕೆಯನ್ನು ನಮ್ಮದೇ ಲಿಂಫೋಸೈಟ್‌ಗಳು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು.

ಇನ್ನೊಂದು ವಿಷಯ. ಹೃದಯದಲ್ಲೂ ಇದೇ ರಿಸೆಪ್ಟರ್ ಇದೆ. ಹಾಗಾಗಿ ಮೊದಲ ಕ್ಯಾಪ್ಸೂಲ್ ನುಂಗಿದ ದಿನ ನಾಡಿ ನಿಧಾನವಾಗುತ್ತದೆ. ರೋಗಿಯನ್ನು ಆರು ಗಂಟೆ ಕೂರಿಸಿಕೊಂಡು ಗಂಟೆಗೊಮ್ಮೆ ನಾಡಿ, ಬಿಪಿ ನೋಡುತ್ತಾರೆ. ಔಷಧ ಬಿಡದೆ ತಗೊಂಡರೆ ತಿಂಗಳೊಳಗೆ ನಾಡಿ ಮೊದಲಿನಂತಾಗುತ್ತದೆ. ಅಷ್ಟು ಹೊತ್ತಿಗೆ ಅಲ್ಲೂ ರಿಸೆಪ್ಟರ್‌ಗಳು ಒಳಗೆ ಹೋಗಿರುತ್ತವೆ.